ಕಡಲೆಕಾಯಿ ಬೇರು ಕರೆದರೂ ಹದವಿಲ್ಲದೆ ಜೀವಾಣು ಬಾರದು

ನಮ್ಮ ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡದ ಕಡೆ ಮಳೆ ನಂಬಿ ಕಡಲೆಕಾಯಿ ಹಾಕುವವರಿಗೆ ರೈಜೋಬಿಯಂ ಪೊಟ್ಟಣ ಹೊಸದಲ್ಲ. ನಾನೂ ಅದನ್ನು ಒಂದು ಗೊಬ್ಬರ ಅಂತಲೇ ತಿಳಿದಿದ್ದೆ. ಒಂದು ವರ್ಷ ಬೀಜಕ್ಕೆ ಕಲಸಿ, ಬೇಗ ಆರಲಿ ಅಂತ ಬಿಸಿಲಿಗೆ ಹರವಿದೆ. ಮಳೆ ಇವತ್ತೋ ನಾಳೆಯೋ ಬರುತ್ತೆ ಅಂತ ಅರೆಹದದಲ್ಲೇ ಬಿತ್ತಿದೆ. ತಿಂಗಳಾದ ಮೇಲೆ ಗಿಡ ಬಿಳಿಚಿಕೊಂಡವು. ಕಿತ್ತು ನೋಡಿದರೆ ಬೇರಲ್ಲಿ ನಾಲ್ಕೈದು ಗಂಟು. ಪೊಟ್ಟಣದ ದುಡ್ಡೂ ಹೋಯ್ತು, ಯೂರಿಯಾಕ್ಕೆ ಸಾಲವೂ ಆಯ್ತು.

ತಪ್ಪು ಎಲ್ಲಾಯ್ತು ಅಂತ ಆಮೇಲೆ ತಿಳಿದವರನ್ನು ಕೇಳಿದೆ. ಪೊಟ್ಟಣದಲ್ಲಿರೋದು ಬರೀ ಪುಡಿಯಲ್ಲ, ಅದರೊಳಗೆ ಜೀವ ಇದೆ. ಗಾಳಿಯಲ್ಲಿ ನೂರಕ್ಕೆ 78 ಪಾಲು ಸಾರಜನಕ. ಗಿಡ ಅದನ್ನು ನೇರವಾಗಿ ತಗೊಳ್ಳಲಾರದು. ಬೇರಿನ ಗಂಟಿನೊಳಗಿನ ಜೀವಾಣು ಅದನ್ನು ಗಿಡ ಉಣ್ಣುವಂತೆ ಮಾಡಿಕೊಡುತ್ತದೆ. ಈ ಜೀವಾಣುವನ್ನು 1888ರಲ್ಲಿ ಹಾಲೆಂಡಿನ ಬೈಜೆರಿಂಕ್ ಗಂಟಿನಿಂದ ಬೇರ್ಪಡಿಸಿ ತೋರಿಸಿದರು.

ಕಣ್ಣಿಲ್ಲದ ಜೀವಾಣುವಿಗೆ ಬೇರು ಎಲ್ಲಿದೆ ಅಂತ ಹೇಗೆ ಗೊತ್ತು? ಬೇರು ಮಣ್ಣಿಗೆ ಸಕ್ಕರೆ, ಹುಳಿ, ಫ್ಲೇವನಾಯ್ಡ್ ಎಂಬ ರಸಗಳನ್ನು ಒಸರುತ್ತದೆ. ಬೆಲ್ಲದ ವಾಸನೆ ಹಿಡಿದು ಇರುವೆ ಬಂದ ಹಾಗೆ ಜೀವಾಣು ಬಾಲ ಬಡಿಯುತ್ತಾ ಈಜಿಕೊಂಡು ಬರುತ್ತದೆ. ರಸ ಹೆಚ್ಚುತ್ತಿದ್ದರೆ ಅದೇ ದಿಕ್ಕು, ಕಡಿಮೆಯಾದರೆ ಬೇರೆ ದಿಕ್ಕು. ಹತ್ತಿರ ಬಂದ ಮೇಲೆ ಅದೂ ಒಂದು ರಸ ಬಿಟ್ಟು ಬೇರಿಗೆ ಮಾರುತ್ತರ ಕೊಡುತ್ತದೆ. ಕಡಲೆಕಾಯಿಯಲ್ಲಿ ಕವಲುಬೇರು ಒಡೆಯುವ ಸಂದಿನಿಂದ ಒಳಹೊಕ್ಕು ಗಂಟು ಕಟ್ಟುತ್ತದೆ.

ಈಜಲು ನೀರು ಬೇಕಲ್ಲ! ಮಣ್ಣಿನ ಕಣಗಳ ನಡುವೆ ತೇವ ಇದ್ದರೆ ಮಾತ್ರ ದಾರಿ. ಅದು ತಾನಾಗಿ ಹೋಗುವ ದೂರವೂ ಬಹಳ ಕಡಿಮೆ. ಅದಕ್ಕೇ ಹೊಲಕ್ಕೆ ಎರಚುವ ಬದಲು ಬೀಜಕ್ಕೇ ಅಂಟಿಸೋದು.

ಈಗ ನಾನು ಮಾಡೋದಿಷ್ಟು. ಪೊಟ್ಟಣದ ಮೇಲಿನ ತಾರೀಖು, ಕಡಲೆಕಾಯಿದೇ ಹೌದೋ ಎರಡೂ ನೋಡುತ್ತೇನೆ. ಆರಿದ ಬೆಲ್ಲದ ಪಾಕದಲ್ಲಿ ಕಲಸಿ, ನೆರಳಲ್ಲಿ ಆರಿಸಿ, ಅವತ್ತೇ ಒಳ್ಳೆ ಹದದಲ್ಲಿ ಬಿತ್ತುತ್ತೇನೆ. ಶಿಲೀಂಧ್ರದ ಔಷಧಿಯನ್ನು ಅದರ ಜೊತೆ ಬೆರೆಸಲ್ಲ. ಯೂರಿಯಾ ಹೆಚ್ಚು ಸುರಿದರೂ ಗಂಟು ಕಟ್ಟೋದು ಕಡಿಮೆಯಾಗುತ್ತದೆ, ನೆನಪಿರಲಿ.

ವರ್ಷಾನುಗಟ್ಟಲೆ ಕಡಲೆಕಾಯಿ ಬೆಳೆದ ಹೊಲದಲ್ಲಿ ಜೀವಾಣು ಮೊದಲೇ ಇರಬಹುದು. ಬಿತ್ತಿ ತಿಂಗಳು ಕಳೆದ ಮೇಲೆ ನಾಲ್ಕು ಕಡೆ ಗಿಡಗಳನ್ನು ಮಣ್ಣಿನ ಸಮೇತ ಎತ್ತಿ, ಬೇರು ತೊಳೆದು, ಗಂಟನ್ನು ಉಗುರಿನಿಂದ ಸೀಳಿ ನೋಡಿ. ಒಳಗೆ ಕೆಂಪಗಿದ್ದರೆ ಕೆಲಸ ನಡೆದಿದೆ. ತುಂಬಾ ಇದ್ದರೆ ಮುಂದಿನ ವರ್ಷ ಪೊಟ್ಟಣಕ್ಕೆ ದುಡ್ಡು ಹಾಕುವ ಮುಂಚೆ ಯೋಚಿಸಿ.