ಕಾಗೋಡಿನ ಕೊಳಗ ಮತ್ತು ಗಣಪತಿಯಪ್ಪ

ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನಲ್ಲಿ ಗೇಣಿದಾರರನ್ನು, ಅಂದರೆ ಬೆಳೆಯ ಪಾಲು ಕೊಡುವ ಕರಾರಿನ ಮೇಲೆ ಒಡೆಯರ ಗದ್ದೆ ಉಳುತ್ತಿದ್ದವರನ್ನು, ಸಂಘಟಿಸಿದ ಎಚ್. ಗಣಪತಿಯಪ್ಪನವರು ಮೊದಲು ಶಾಲಾ ಶಿಕ್ಷಕರಾಗಿದ್ದರು. 1948ರಲ್ಲಿ ರೈತ ಸಂಘ ಕಟ್ಟಿದ ಗಣಪತಿಯಪ್ಪನವರ ಎದುರಿಗಿದ್ದದ್ದು ಭತ್ತ ಅಳೆಯುವ ಕೊಳಗ. ಗೇಣಿ ಅಳೆದುಕೊಳ್ಳುವಾಗ ಒಡೆಯರು ನಿಗದಿತ ಅಳತೆಗಿಂತ ದೊಡ್ಡ ಕೊಳಗ ಬಳಸುತ್ತಿದ್ದುದರಿಂದ, ಕಣದಲ್ಲಿ ಅದು ತುಂಬಿದಷ್ಟು ಸಲವೂ ಉಳುವವನ ಪಾಲು ಕರಗುತ್ತಿತ್ತು. ಕೈಯಲ್ಲಿ ಹಿಡಿದು ತೋರಿಸಬಹುದಾದ ಅನ್ಯಾಯವಾದ್ದರಿಂದಲೇ ಹೋರಾಟ ಗಟ್ಟಿಯಾಯಿತೆನ್ನಬೇಕು. 1951ರ ಏಪ್ರಿಲ್‌ನಲ್ಲಿ ಇದೇ ತಾಲ್ಲೂಕಿನ ಕಾಗೋಡು ಗ್ರಾಮದ ರೈತರು, ಬಹುಪಾಲು ದೀವರ ಸಮುದಾಯದವರು, ಗದ್ದೆಗಿಳಿದು ಸತ್ಯಾಗ್ರಹ ನಡೆಸಿ ಸೆರೆಮನೆ ಸೇರಿದರು. ಸಮಾಜವಾದಿ ಪಕ್ಷ ಬೆಂಬಲಕ್ಕೆ ನಿಂತಿತು; ಜೂನ್‌ನಲ್ಲಿ ಅದರ ನಾಯಕ ರಾಮಮನೋಹರ ಲೋಹಿಯಾ ಬಂಧಿತರಾದರು. ಗೇಣಿ ಪದ್ಧತಿ ರದ್ದಾಗಲು ಮಾತ್ರ 1974ರ ಭೂಸುಧಾರಣಾ ತಿದ್ದುಪಡಿಯವರೆಗೆ ಕಾಯಬೇಕಾಯಿತು.