ಗಡಿಗನ್ನಡದ ಪದಸಂಗ್ರಹವೂ ಗಣಕದ ಅಕ್ಷರಸಂಕೇತವೂ

ಅಕ್ಷರವೆಂದರೆ ನಾಶವಿಲ್ಲದ್ದು ಎಂದು 30 ವರ್ಷ ಪಾಠ ಹೇಳಿದವನು ನಾನು. ಅದು ನಾಶವಾಗುವುದನ್ನೂ ಗಣಕದ ಪರದೆಯ ಮೇಲೆ ಕಾಣಬೇಕಾಯಿತು.

ರಾಯದುರ್ಗ 1953ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿತ್ತು. ಮಡಕಶಿರ 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ. ಜಿಲ್ಲೆ ಯಾವುದಾದರೇನು, ಎರಡು ಕಡೆಯೂ ಕನ್ನಡ ತೆಲುಗು ಒಂದೇ ಜಗಲಿಯ ಮೇಲೆ ಕೂತಿರುತ್ತವೆ. ಇಲ್ಲಿನ ಮಾತನ್ನು ಕುರಿತು ಅಂತರಜಾಲದಲ್ಲಿ ಸಿಕ್ಕ ಪದಪಟ್ಟಿಗಳನ್ನು ಇಳಿಸಿಕೊಂಡು, ಮೊಮ್ಮಗನ ನೆರವಿನಿಂದ ಡೇಟಾಬೇಸಿಗೆ ತುಂಬಿಸುತ್ತಿದ್ದೆ. ಬಡಿಸು ಎಂಬರ್ಥದ ‘ಇಕ್ಕು’ ಧಾತುವನ್ನು ಹುಡುಕಿದಾಗ ಮಡಕಶಿರದ ಪಟ್ಟಿಯಲ್ಲಿ ಇಲ್ಲವೆಂದು ಉತ್ತರ ಬಂತು. ‘ಈ ಭಾಗದಲ್ಲಿ ಇದು ಬಳಕೆ ತಪ್ಪಿದೆ’ ಎಂದು ಈ ಗೋಷ್ಠಿಗೆ ಬರೆದೂಬಿಟ್ಟೆ. ಆಮೇಲೆ ಸಂಶಯ ಹತ್ತಿತು. ‘ಮುದ್ದೆ ಇಕ್ಕು’ ಅಂತ ಮನೇಲಿ ದಿನಾ ಕೇಳ್ತೀನಲ್ಲ! ಪಟ್ಟಿ ತೆರೆದು ನೋಡಿದರೆ ಪದ ಅಲ್ಲೇ ಇದೆ.

ದೋಷ ಮೊದಲಕ್ಷರದಲ್ಲಿತ್ತು. 1991ರ ಇಸ್ಕಿ ಮಾನಕದಲ್ಲಿ ಕನ್ನಡ ‘ಇ’ಗೂ ತೆಲುಗು ‘ಇ’ಗೂ ಒಂದೇ ಸಂಖ್ಯೆ. ಯೂನಿಕೋಡಿನಲ್ಲಿ ಹಾಗಲ್ಲ: ಕನ್ನಡದ್ದು 3207, ತೆಲುಗಿನದು 3079, ನಡುವೆ ಸರಿಯಾಗಿ 128ರ ಅಂತರ. ಕಣ್ಣಿಗೆ ಎರಡೂ ಒಂದೇ, ಯಂತ್ರಕ್ಕೆ ಬೇರೆ ಬೇರೆ. ಬೆರಳಚ್ಚು ಮಾಡಿದವರು ತೆಲುಗು ಕೀಲಿಮಣೆಯಿಂದ ಕನ್ನಡಕ್ಕೆ ಹೊರಳುವ ಮುನ್ನವೇ ಒಂದಕ್ಷರ ಒತ್ತಿರಬೇಕು. ಹಾಗಂತ ಎಲ್ಲಕ್ಕೂ 128 ಕೂಡಿಸಿಬಿಡುವುದು ಸಲ್ಲದು. ತೆಲುಗು ಲಿಪಿಯಲ್ಲೇ ಕೊಟ್ಟ ನಿಜವಾದ ತೆಲುಗು ಪದಗಳೂ ಪಟ್ಟಿಯಲ್ಲಿರುತ್ತವೆ. ಕನ್ನಡ ಪದದೊಳಗೆ ಸಿಕ್ಕಿಕೊಂಡ ತೆಲುಗು ಅಕ್ಷರವನ್ನು ಮಾತ್ರ ತಿದ್ದಬೇಕು.

ಇದಕ್ಕಿಂತ ದೊಡ್ಡ ಅಪಾಯ ಉಳಿಸುವ ಹೊತ್ತಿನಲ್ಲಿದೆ. ‘ಕ’ದ ಸಂಖ್ಯೆ 3221. ಯುಟಿಎಫ್-8ರಲ್ಲಿ ಅದು 224, 178, 149 ಎಂಬ ಮೂರು ಬೈಟುಗಳಾಗಿ ಕೂರುತ್ತದೆ. ತಂತ್ರಾಂಶವು ಇವನ್ನು ಲ್ಯಾಟಿನ್-1 ಎಂದು ಭಾವಿಸಿ ಓದಿದರೆ ಒಂದು ‘ಕ’ದ ಬದಲು ಮೂರು ವಿಚಿತ್ರ ಚಿಹ್ನೆಗಳು. ಇದು ವಾಸಿಯಾಗುವ ರೋಗ, ಯಾಕಂದ್ರೆ ಬೈಟುಗಳು ಒಳಗೇ ಇವೆ. ಆದರೆ ಕನ್ನಡಕ್ಕೆ ಜಾಗವಿಲ್ಲದ ಲ್ಯಾಟಿನ್-1 ಕೋಷ್ಟಕಕ್ಕೆ ಪದವನ್ನು ನೂಕಿದರೆ ಅಕ್ಷರಕ್ಕೊಂದು ಪ್ರಶ್ನಾರ್ಥಕ ಚಿಹ್ನೆ ಬೀಳುವುದುಂಟು. ಅಲ್ಲಿ ಇದ್ದ ಪದ ಯಾವುದೆಂದು ಆ ಚಿಹ್ನೆಗಳನ್ನಷ್ಟೇ ನೋಡಿ ಆಮೇಲೆ ಯಾರೂ ಹೇಳಲಾರರು.

ಆದ್ದರಿಂದ ಪುಟವನ್ನು ಇಳಿಸಿದಂತೆಯೇ ಮೊದಲು ಒಂದು ಕಡತವಾಗಿ ಇಡಬೇಕು. ಪುಟವು ಘೋಷಿಸಿದ ಸಂಕೇತ ಯಾವುದೆಂದು ನೋಡಿ, ಒಂದೇ ಸಲ ಯೂನಿಕೋಡಿಗೆ ತರಬೇಕು. ನುಡಿ, ಬರಹಗಳ ಹಳೆಯ ಫಾಂಟಿನ ಪುಟವಾದರೆ ಅಲ್ಲಿರುವುದು ಅಕ್ಷರವಲ್ಲ, ಅಕ್ಷರದ ತುಂಡುಗಳ ಆಕಾರ. ಅದಕ್ಕೆ ಪರಿವರ್ತಕ ಬೇಕೇಬೇಕು. ಮೈಎಸ್‌ಕ್ಯೂಎಲ್ ಬಳಸುವವರು ಕೋಷ್ಟಕಕ್ಕೂ ಸಂಪರ್ಕಕ್ಕೂ ‘ಯುಟಿಎಫ್8ಎಂಬಿ4’ ಎಂದೇ ಹೇಳಬೇಕು. ಒಂದಕ್ಕೆ ಹೇಳಿ ಇನ್ನೊಂದಕ್ಕೆ ಮರೆತರೆ ಅದೇ ಹಾಡು.

‘ಇಕ್ಕು’ ಕುರಿತ ನನ್ನ ವಾಕ್ಯವನ್ನು ಹೊಡೆದುಹಾಕಿದ್ದೇನೆ. ‘ಇಲ್ಲ’ವೆಂದು ಗುರುತು ಹಾಕಿದ್ದ ಉಳಿದ ಪದಗಳನ್ನು ಮೂಲ ಕಡತದೊಡನೆ ಒಂದೊಂದಾಗಿ ತಾಳೆ ನೋಡುತ್ತಿದ್ದೇನೆ.