ಸೆಪ್ಟೆಂಬರ್ 17 : ದಿನವೊಂದು, ಹೆಸರು ಹಲವು

ಪಂಚಾಂಗವು ದಿನಕ್ಕೆ ತಿಥಿ, ವಾರ, ನಕ್ಷತ್ರ, ಯೋಗ, ಕರಣಗಳೆಂಬ ಐದು ಅಂಗಗಳನ್ನು ಹೇಳುತ್ತದೆ. ಜನಮನದ ಸ್ಮೃತಿಯು ಅದಕ್ಕೆ ಆರನೆಯದೊಂದನ್ನು ಕೂಡಿಸುವುದುಂಟು, ಅದೇ ಹೆಸರು. ಯಾದಗಿರಿ, ಶಹಾಪುರ, ಸುರಪುರಗಳ ಸೀಮೆಯಲ್ಲಿ ಸೆಪ್ಟೆಂಬರ್ 17ರಷ್ಟು ಹೆಸರುಗಳನ್ನು ಹೊತ್ತ ದಿನ ಮತ್ತೊಂದಿರಲಾರದು. ಹಿರಿಯರ ಬಾಯಲ್ಲಿ ಅದು ಪೊಲೀಸ್ ಕಾರ್ಯಾಚರಣೆ, ಹೋರಾಟಗಾರರಿಗೆ ವಿಮೋಚನೆ, ಕೆಲವರಿಗೆ ವಿಲೀನ, ಇಂದಿನ ಸರಕಾರಿ ಆಹ್ವಾನಪತ್ರಿಕೆಯಲ್ಲಿ ಕಲ್ಯಾಣ ಕರ್ನಾಟಕ ಉತ್ಸವ. ಆಗಸ್ಟ್ 15ರಂದು ಧ್ವಜವಂದನೆ ಮಾಡಿದ ಬಾಲಕನು ತಿಂಗಳೊಂದು ಕಳೆಯುವಷ್ಟರಲ್ಲಿ ಮತ್ತೆ ಧ್ವಜದೆದುರು ನಿಂತು, ಇದೇಕೆಂದು ಕೇಳಿದರೆ ಅಧ್ಯಾಪಕರು ಉತ್ತರ ಹೇಳಬೇಕಾಗುತ್ತದೆ.

ಉತ್ತರದ ಮೊದಲ ಎಳೆ ಸುರಪುರದಲ್ಲಿದೆ. ನಾಯಕರ ಸಂಸ್ಥಾನವಾಗಿದ್ದ ಈ ಊರಿನ ಅರಸ ವೆಂಕಟಪ್ಪನಾಯಕನು 1858ರ ಫೆಬ್ರವರಿಯಲ್ಲಿ ಆಂಗ್ಲರ ವಿರುದ್ಧ ಕಾದಿದನು. ಸೆರೆಯಾಗಿ, ಅದೇ ವರ್ಷ ಗುಂಡಿಗೆ ಬಲಿಯಾದನು. ಬಾಲ್ಯದಲ್ಲಿ ಅವನ ಮೇಲ್ವಿಚಾರಣೆ ನಡೆಸಿದ್ದ ಮೆಡೋಸ್ ಟೇಲರ್ ತನ್ನ ಆತ್ಮಕಥೆಯಲ್ಲಿ ಈ ಪ್ರಸಂಗವನ್ನು ಬರೆದಿಟ್ಟಿದ್ದಾನೆ. ಅವನ ಬಂಗಲೆ ಟೇಲರ್ ಮಂಜಿಲ್ ಎಂಬ ಹೆಸರಿನಿಂದ ಸುರಪುರದ ಗುಡ್ಡದ ಮೇಲಿದೆ. 1857ರ ದಂಗೆಯಲ್ಲಿ ತಮ್ಮ ಪಕ್ಷ ವಹಿಸಿದ ನಿಜಾಮನಿಗೆ ಆಂಗ್ಲರು 1860ರ ಒಪ್ಪಂದದಲ್ಲಿ ಸುರಪುರವನ್ನು ಪಾರಿತೋಷಕವಾಗಿ ಇತ್ತರು. ಒಂದು ಸೀಮೆಯನ್ನು ಅಲ್ಲಿಯ ಜನರನ್ನು ಕೇಳದೆ ಉಡುಗೊರೆಯಾಗಿ ಕೊಡಬಹುದೆಂಬ ಕಾಲವದು. ಆ ಉಡುಗೊರೆಯ ಋಣ ತೀರಲು 88 ವರ್ಷ ಬೇಕಾಯಿತು.

1947ರ ಆಗಸ್ಟ್ 15ರಂದು ಭಾರತ ಸ್ವತಂತ್ರವಾದಾಗ ಭೀಮಾ, ಕೃಷ್ಣೆಯರ ಸೀಮೆಯ ಈ ಊರುಗಳು ಹೈದರಾಬಾದ್ ಸಂಸ್ಥಾನದಲ್ಲಿಯೇ ಉಳಿದವು. ಗಡಿಯಾಚೆ ಬಿಜಾಪುರ ಜಿಲ್ಲೆಯಲ್ಲಿ ತ್ರಿವರ್ಣ ಧ್ವಜ ಹಾರುತ್ತಿದ್ದರೆ, ಈಚೆ ಅದನ್ನು ಏರಿಸುವುದು ಅಪರಾಧವಾಗಿದ್ದಿತು. ಸ್ಟೇಟ್ ಕಾಂಗ್ರೆಸ್ಸಿನ ನಾಯಕರಾದ ಸ್ವಾಮಿ ರಮಾನಂದ ತೀರ್ಥರು ಅಂದೇ ಬಂಧಿತರಾದರು. ಅವರ ಜನ್ಮಸ್ಥಳ ಇಲ್ಲಿಗೆ ದೂರವಲ್ಲದ ಸಿಂದಗಿ. ಯಾದಗಿರಿಯ ಕೋಲೂರು ಮಲ್ಲಪ್ಪನವರು ಈ ಭಾಗದಲ್ಲಿ ಹೋರಾಟಕ್ಕೆ ಜನರನ್ನು ಅಣಿಗೊಳಿಸಿದವರು. ಅತ್ತ ರಜಾಕಾರರ ಹಾವಳಿ ಹೆಚ್ಚಿ ಹಳ್ಳಿಗಳು ನಿದ್ದೆಗೆಟ್ಟವು. ಗಡಿಯುದ್ದಕ್ಕೂ ಹೋರಾಟದ ಶಿಬಿರಗಳು ಎದ್ದವು. 1948ರ ಸೆಪ್ಟೆಂಬರ್ 13ರಂದು ಭಾರತದ ಸೇನೆ ಸಂಸ್ಥಾನವನ್ನು ಹೊಕ್ಕಿತು. ಐದನೆಯ ದಿನ, 17ರ ಶುಕ್ರವಾರ, ಪ್ರಧಾನಿ ಮೀರ್ ಲಾಯಕ್ ಅಲಿ ರಾಜೀನಾಮೆಯಿತ್ತರು. ಸಂಜೆ ನಿಜಾಮರು ಬಾನುಲಿಯಲ್ಲಿ ಕದನವಿರಾಮವನ್ನು ಸಾರಿದರು. ಸೈನ್ಯದ ವಿಧ್ಯುಕ್ತ ಶರಣಾಗತಿ ಮರುದಿನ ನಡೆದರೂ ಜನರು ನೆನಪಿಟ್ಟುಕೊಂಡದ್ದು 17ನ್ನೇ.

ಇನ್ನು ಹೆಸರುಗಳ ವಿಚಾರ. ‘ಮುಚ್’ ಧಾತುವಿಗೆ ಬಿಡುಗಡೆಯ ಅರ್ಥ. ‘ಲೀ’ ಧಾತುವಿಗೆ ಕರಗಿ ಒಂದಾಗುವ ಅರ್ಥ. ವಿಮೋಚನೆಯೆಂದರೆ ಕಟ್ಟಿದವನೊಬ್ಬನುಂಟು, ವಿಲೀನವೆಂದರೆ ಉಪ್ಪು ನೀರಿನಲ್ಲಿ ಬೆರೆತಂತೆ. ಶಬ್ದದ ಆಯ್ಕೆಯಲ್ಲಿಯೇ ನೋಟದ ಆಯ್ಕೆಯೂ ಅಡಗಿದೆ. 2022ರಲ್ಲಿ ಕೇಂದ್ರ ಸರಕಾರ ಹೈದರಾಬಾದಿನಲ್ಲಿ ಇದನ್ನು ವಿಮೋಚನಾ ದಿನವೆಂದು ಆಚರಿಸಿದಾಗ ತೆಲಂಗಾಣ ಸರಕಾರ ರಾಷ್ಟ್ರೀಯ ಏಕತೆಯ ದಿನವೆಂದು ಆಚರಿಸಿತು. ಮರಾಠವಾಡದಲ್ಲಿ ಅದು ಮುಕ್ತಿಸಂಗ್ರಾಮದ ದಿನ.

ಈ ಭೇದ ಕೇವಲ ವೈಯಾಕರಣರ ಜಗಳವಲ್ಲ. ಸೇನೆ ಬಂದ ಮೇಲಿನ ದಿನಗಳಲ್ಲಿ ಸಂಸ್ಥಾನದ ಅನೇಕ ಕಡೆ ನಿರಪರಾಧಿ ಮುಸಲ್ಮಾನರು ಪ್ರಾಣ ಕಳೆದುಕೊಂಡರು. ನೆಹರೂ ಅವರ ಸರಕಾರ ಕಳುಹಿಸಿದ ಪಂಡಿತ ಸುಂದರಲಾಲರ ಸಮಿತಿಯು ಅತ್ಯಂತ ಬಾಧಿತವಾದ ನಾಲ್ಕು ಜಿಲ್ಲೆಗಳಲ್ಲಿ ಗುಲಬರ್ಗಾವನ್ನೂ ಹೆಸರಿಸಿತು. ಆಗ ಯಾದಗಿರಿ, ಶಹಾಪುರ, ಸುರಪುರಗಳೆಲ್ಲ ಅದೇ ಜಿಲ್ಲೆಯವು. ಸಂಸ್ಥಾನದಾದ್ಯಂತ ಸತ್ತವರು 27,000ದಿಂದ 40,000 ಎಂಬುದು ಆ ಸಮಿತಿಯ ಅಂದಾಜು. ರಜಾಕಾರರಿಂದ ನೊಂದ ಮನೆಯಲ್ಲಿ ಹಬ್ಬವಾದ ದಿನ ಪಕ್ಕದ ಓಣಿಯ ಮನೆಯಲ್ಲಿ ಮೌನವಾಗಿದ್ದುದೂ ಉಂಟು. ಬಿಜಾಪುರದ ಮೊದಲ ಸುಲ್ತಾನರು ಮಲಗಿರುವ ಗೋಗಿಯೂ, ಹಿಂದೂ ಮುಸಲ್ಮಾನರಿಬ್ಬರೂ ನಡೆದುಕೊಳ್ಳುವ ತಿಂಥಣಿಯ ಮೌನೇಶ್ವರನ ಸನ್ನಿಧಿಯೂ ಇರುವ ಸೀಮೆಯಲ್ಲಿ ಎರಡನೆಯ ಮನೆಯ ಮಾತನ್ನು ಬಿಟ್ಟು ಪಾಠ ಹೇಳುವುದು ಅರೆಪಾಠವೇ ಸರಿ.

ಕನ್ನಡಕ್ಕೆ ಬಿಡುಗಡೆ ದೊರೆತದ್ದು ಆ ಶುಕ್ರವಾರವಲ್ಲ. ಉರ್ದು ಆಡಳಿತಭಾಷೆಯಾಗಿದ್ದ ಸಂಸ್ಥಾನದಲ್ಲಿ 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನೆಯೂ ಉರ್ದುವಿನಲ್ಲಿಯೇ. ಕನ್ನಡದ ಕಲಿಕೆ ಮಠಗಳ, ಗುಲಬರ್ಗಾದ ನೂತನ ವಿದ್ಯಾಲಯದಂತಹ ಖಾಸಗಿ ಸಂಸ್ಥೆಗಳ, ದಾನಿಗಳ ಆಸರೆಯಲ್ಲಿ ಉಸಿರು ಹಿಡಿದುಕೊಂಡಿತು. 1948ರ ಬಳಿಕವೂ ಹೈದರಾಬಾದ್ ರಾಜ್ಯ ಎಂಟು ವರ್ಷ ಮುಂದುವರಿದು, 1956ರ ನವೆಂಬರ್ 1ರಂದಷ್ಟೇ ಈ ಭಾಗ ಮೈಸೂರು ರಾಜ್ಯವನ್ನು ಸೇರಿತು. ಪಹಣಿ, ದಫ್ತರು, ತಹಶೀಲು ಮೊದಲಾದ ಮಾತುಗಳು ಮಾತ್ರ ರೈತರ ನಾಲಗೆಯ ಮೇಲೆ ಹಾಗೆಯೇ ಉಳಿದಿವೆ. ಅವನ್ನು ಓಡಿಸಬೇಕಾದ ಅಗತ್ಯವೇನೂ ಕಾಣದು.

2012ರಲ್ಲಿ ಸಂಸತ್ತು ಒಪ್ಪಿದ ತಿದ್ದುಪಡಿಯಿಂದ ಸಂವಿಧಾನಕ್ಕೆ 371(ಜೆ) ವಿಧಿ ಸೇರಿ, ವ್ಯಾಸಂಗ ಹಾಗೂ ಉದ್ಯೋಗಗಳಲ್ಲಿ ಈ ಭಾಗದವರಿಗೆ ಮೀಸಲಾತಿಗೆ ದಾರಿಯಾಯಿತು. 2019ರ ಸೆಪ್ಟೆಂಬರಿನಲ್ಲಿ ‘ಹೈದರಾಬಾದ್ ಕರ್ನಾಟಕ’ವು ‘ಕಲ್ಯಾಣ ಕರ್ನಾಟಕ’ವಾಯಿತು. ಶರಣರ ಕಲ್ಯಾಣವನ್ನು ನೆನಪಿಸುವ ಈ ಹೆಸರು ಕಿವಿಗೆ ಇಂಪೇ. ಆದರೆ 2010ರಲ್ಲಿ ಜಿಲ್ಲೆಯಾದ ಯಾದಗಿರಿಯಲ್ಲಿ ಮರುವರ್ಷದ ಜನಗಣತಿ ಕಂಡ ಸಾಕ್ಷರತೆ ಶೇ. 51.83, ರಾಜ್ಯದ ಜಿಲ್ಲೆಗಳಲ್ಲಿಯೇ ಅದು ಕೊನೆಯದು, ಅಂದಿನ ರಾಜ್ಯದ ಸರಾಸರಿ 75.36. ಸೆಪ್ಟೆಂಬರ್ 17ರ ಬೆಳಿಗ್ಗೆ ಧ್ವಜದ ಹಗ್ಗ ಹಿಡಿಯುವ ಬಾಲಕಿಯರಲ್ಲಿ ಎಷ್ಟೋ ಮಂದಿ ತಮ್ಮ ಮನೆಯಲ್ಲಿ ಅಕ್ಷರ ಕಲಿತ ಮೊದಲ ಹೆಣ್ಣುಮಕ್ಕಳು.